ಮಂಚದ ಮೇಲಿನ ಕಿಂಡಿ

ತಂಪಣ್ಣ ಅನ್ನುವ ಹೆಸರು ಅವನಿಗೆ ಅಂಟಿದ್ದು ಕಸುಬಿನಿಂದ, ಸ್ವಭಾವದಿಂದಲ್ಲ. ಲಾರಿ, ಬಸ್ಸು, ವ್ಯಾನುಗಳಿಗೆ ಏಸಿ ಕೂರಿಸುವುದರಲ್ಲಿ ಅವನದು ಪಳಗಿದ ಕೈ. ಕೆಲಸದ ನಡುವೆ ಯಾರಾದರೂ ಬಾಯಿ ಹಾಕಿದರೆ ಮಾತ್ರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಅವನ ಶೆಡ್ಡಿನೊಳಕ್ಕೆ ಪಿಕಪ್ ಟ್ರಕ್ಕೊಂದು ಬಂತು. ಅದರ ಬೆನ್ನ ಮೇಲೆ ಒಂದು ಪುಟ್ಟ ಮನೆಯೇ ಕೂತಿತ್ತು. ಒಲೆ, ಸಿಂಕು, ಮಡಚುವ ಮೇಜು, ಡ್ರೈವರನ ತಲೆಯ ಮೇಲಕ್ಕೆ ಚಾಚಿದ ಗೂಡಿನಲ್ಲಿ ಒಂದು ಮಂಚ. ಗಾಡಿಯಿಂದ ಇಳಿದವನನ್ನು ಕಂಡು ತಂಪಣ್ಣ ಬೋಲ್ಟು ಬಿಗಿಯುತ್ತಿದ್ದವನು ಅಲ್ಲಿಗೇ ನಿಲ್ಲಿಸಿದ.

"ಭಾವ..." ಎಂದವನೇ ಬಂದವನು ನಾಲಿಗೆ ಕಚ್ಚಿಕೊಂಡ. ಅವನ ಅಕ್ಕನಿಗೂ ತಂಪಣ್ಣನಿಗೂ ವಿಚ್ಛೇದನವಾಗಿ ಐದು ವರ್ಷವಾಗಿತ್ತು. ಹೆಂಡತಿ ಬಿಟ್ಟು ಹೋದ ಮೇಲೆ ಹೆಂಡತಿಯ ತಮ್ಮ ಏನಾಗಬೇಕು ಅನ್ನುವುದಕ್ಕೆ ಯಾರೂ ಒಂದು ಹೆಸರಿಟ್ಟಿಲ್ಲ.

"ಬಾಯಿಗೆ ಬಂದದ್ದೇ ಇರ್ಲಿ ಬಿಡು. ಹೊಸದನ್ನ ಎಲ್ಲಿ ಅಂತ ಹುಡುಕ್ತೀಯ? ಏನಾಗಬೇಕು?" ಎಂದ ತಂಪಣ್ಣ.

ಭಾಮೈದ ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುತ್ತಾ ಊರೂರು ಸುತ್ತುವವನು. ವರ್ಷದಲ್ಲಿ ಮುಕ್ಕಾಲು ಪಾಲು ಈ ಗಾಡಿಯೇ ಅವನ ಮನೆ. ಚಳಿಗಾಲದಲ್ಲಿ ಅಮ್ಮನಿಗೆ ಹೃದಯದ ಆಪರೇಷನ್ ಆಗಿತ್ತು. ಇನ್ನು ಮೇಲೆ ಅವಳೂ ಜೊತೆಯಲ್ಲೇ ಹೊರಡುತ್ತಾಳೆ, ಸೆಕೆ ಮಾತ್ರ ತಾಗಬಾರದು ಅಂದಿದ್ದಾರೆ ಡಾಕ್ಟರು. "ಗುರುವಾರ ಹೊರಡಬೇಕು ಭಾವ. ಬೇರೆ ಶೆಡ್ಡಿನವರೆಲ್ಲ ಅಷ್ಟರೊಳಗೆ ಆಗಲ್ಲ ಅಂದ್ರು."

ಅತ್ತೆಯ ಮಾತು ಬಂದ ಕೂಡಲೇ ತಂಪಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಪೆಟ್ಟಿಗೆಗೆ ಎಸೆದ. ಹೆಂಡತಿಯ ಮೇಲಿನ ಕೋಪ ಯಾವತ್ತೋ ಇಳಿದುಹೋಗಿತ್ತು. ಇಳಿಯದೆ ಉಳಿದದ್ದು ಅತ್ತೆಯ ಮೇಲಿನದು. ಹೆತ್ತ ಮಗನಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದ ಆಕೆ, ಎರಡೂ ಮನೆಯ ಹಿರಿಯರು ಕೂತು ಮಾತಾಡಿದ ದಿನ, ಅವನ ಪರವಾಗಿ ತುಟಿ ಎರಡು ಮಾಡಿರಲಿಲ್ಲ.

"ಕೀಲಿ ಕೊಡು," ಎಂದ.

ಗಾಡಿಯ ಮಾಡಿಗೆ ಎರಡು ಕಿಂಡಿಗಳಿದ್ದವು, ಎರಡೂ ಮೊಳಕ್ಕಿಂತ ಚಿಕ್ಕ ಚೌಕ. ಒಂದು ಒಲೆಯ ಮುಂದೆ ನಿಲ್ಲುವ ಜಾಗದ ಮೇಲೆ, ಇನ್ನೊಂದು ಮಂಚದ ಮೇಲೆ. ಏಸಿ ಕೂರುವುದು ಇಂಥ ಕಿಂಡಿಯ ಮೇಲೆಯೇ. ಒಲೆಯ ಮೇಲಿನ ಕಿಂಡಿಯ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರೆ ಪ್ಲೈವುಡ್ಡು ನೆನೆದ ಬಿಸ್ಕತ್ತಿನ ಹಾಗೆ ಒಳಕ್ಕೆ ಹೋಯಿತು. ಮಂಚದ ಮೇಲಿನದು ಕಲ್ಲಿನಂತಿತ್ತು.

"ಮಂಚದ ಮೇಲೇ ಕೂರಿಸ್ತೀನಿ."

"ಅದು ಅಮ್ಮ..." ಎಂದು ಭಾಮೈದ ಬಾಯಿ ತೆರೆದ.

"ಏಸಿ ಯಾರಿಗೆ? ಅಮ್ಮನಿಗೆ ತಾನೆ? ಅವರ ತಲೆ ಮೇಲೇ ಇರ್ಲಿ," ಎಂದು ತಂಪಣ್ಣ ಡ್ರಿಲ್ ಆನ್ ಮಾಡಿದ.

ಕೆಲಸ ಹೂವೆತ್ತಿದಂತೆ ಸಾಗಿತು. ಮುಚ್ಚಳ ಬಿಚ್ಚಿ, ಹಳೆಯ ಅಂಟನ್ನೆಲ್ಲ ಕೆರೆದು ತೆಗೆದ. ನಲವತ್ತೈದು ಕಿಲೋ ತೂಕದ ಏಸಿ ಪೆಟ್ಟಿಗೆಯನ್ನು ಇಬ್ಬರೂ ಸೇರಿ ರಾಟೆಗೆ ಕಟ್ಟಿ ಎಳೆದು, ರಬ್ಬರ್ ಪಟ್ಟಿ ಸರಿಯಾಗಿ ಕಿಂಡಿಯ ಸುತ್ತ ಬರುವಂತೆ ಇಳಿಸಿದರು. ಒಳಗಿನಿಂದ ನಾಲ್ಕು ಉದ್ದನೆಯ ಬೋಲ್ಟುಗಳು. ರಬ್ಬರು ಅರ್ಧಕ್ಕೆ ಅಮುಕಿದರೆ ಸಾಕು. ಇನ್ನೂ ಬಿಗಿದರೆ ಮಾಡು ಬಗ್ಗಿ ನೀರು ನಿಲ್ಲುತ್ತದೆ. ಮಾರನೆಯ ದಿನ ಮಧ್ಯಾಹ್ನ ತಂತಿ ಜೋಡಿಸಿ ಗುಂಡಿ ಒತ್ತಿದಾಗ ಗಾಡಿಯೊಳಗೆ ತಣ್ಣನೆಯ ಗಾಳಿ ಹರಿಯಿತು. ಭಾಮೈದ ಹೋಗಿ ಅಮ್ಮನನ್ನು ಕರೆದುಕೊಂಡು ಬಂದ.

ಅತ್ತೆ ಅರ್ಧಕ್ಕರ್ಧ ಇಳಿದುಹೋಗಿದ್ದರು. ಮೆಟ್ಟಿಲು ಹತ್ತಿ, ಸುಧಾರಿಸಿಕೊಂಡು, ಮಂಚದ ಮೇಲೆ ಅಂಗಾತ ಮಲಗಿದರು. ಮೇಲೆ ನೋಡಿದರು.

"ಕಿಂಡಿ ಎಲ್ಲೋ?"

ಭಾಮೈದ ತಂಪಣ್ಣನ ಕಡೆ ನೋಡಿದ. ಅತ್ತೆಯೇ ಮುಂದುವರಿಸಿದರು.

"ಹೋದ ತಿಂಗಳು ಎರಡು ವಾರ ಇವನ ಜೊತೆ ಸುತ್ತಿ ಬಂದೆ. ಉಸಿರು ಕಟ್ಟಿದ ಹಾಗಾದಾಗ ಆ ಮುಚ್ಚಳ ಎತ್ತಿ ಆಕಾಶ ನೋಡ್ತಾ ಮಲಗ್ತಿದ್ದೆ. ಹಾಗೇ ಜೊಂಪು ಹತ್ತೋದು. ಈಗ ಈ ಡಬ್ಬ ನೋಡ್ತಾ ಮಲಗಬೇಕಾ?"

"ನೀನು ಹೇಳಬಾರದಿತ್ತೇನೋ?" ಎಂದು ತಂಪಣ್ಣ ಭಾಮೈದನ ಮೇಲೆ ಹರಿಹಾಯ್ದ.

"ಹೇಳೋಕೆ ಬಂದೆ ಭಾವ. ನೀವು ಡ್ರಿಲ್ ಆನ್ ಮಾಡಿದ್ರಿ."

ತಂಪಣ್ಣನಿಗೆ ಎಲ್ಲಿತ್ತೋ ರೋಷ, ಐದು ವರ್ಷ ನುಂಗಿಕೊಂಡಿದ್ದು ಒಮ್ಮೆಲೇ ಹೊರಬಂತು. "ಇವತ್ತು ಇಷ್ಟು ಮಾತಾಡ್ತೀರಲ್ಲ ಅತ್ತೆ, ಆವತ್ತು ನನಗೋಸ್ಕರ ಒಂದೇ ಒಂದು ಮಾತಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅತ್ತೆ ಎದ್ದು ಕೂತರು. ಮಗ ಮೆಲ್ಲಗೆ ಕೆಳಗಿಳಿದು ಹೋದ.

"ಬಾಯಿ ತೆಗೆದಿದ್ರೆ ಅವಳ ಪರ ಮಾತಾಡಬೇಕಿತ್ತು ಕಣೋ," ಎಂದರು. "ಹನ್ನೊಂದು ವರ್ಷ ನೀನು ಅವಳಿಗೆ ಏನು ಕಮ್ಮಿ ಮಾಡಿದೆ? ಏನೂ ಇಲ್ಲ. ಅವಳು ಕೆಲಸಕ್ಕೆ ಹೋದಾಗ ಸಾಮಾನೆಲ್ಲ ಬೇರೆ ಮನೆಗೆ ಸಾಗಿಸಿದೆ. ಸಂಜೆ ಬಂದವಳಿಗೆ ಇನ್ಮೇಲೆ ಇದೇ ನಿನ್ನ ಮನೆ ಅಂದೆ. ಹೊಲಿಗೆ ಮಿಷನ್ ಹಳೇದಾಯ್ತು ಅಂತ ಯಾರಿಗೋ ಕೊಟ್ಟು ಹೊಸದು ತಂದಿಟ್ಟೆ. ಎಲ್ಲಾ ಒಳ್ಳೇದಕ್ಕೇ ಮಾಡಿದ್ದು. ಒಂದು ಸಲ ಕೇಳಿದ್ಯಾ? ಅಷ್ಟು ಜನರ ಮುಂದೆ ಇದನ್ನೆಲ್ಲ ಹೇಳಿ ನಿನ್ನ ಮರ್ಯಾದೆ ತೆಗೆಯೋಕೆ ನನಗೆ ಮನಸ್ಸು ಬರ್ಲಿಲ್ಲ. ತುಟಿ ಹೊಲ್ಕೊಂಡು ಕೂತೆ."

ತಂಪಣ್ಣ ಹೊರಗೆ ಬಂದು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದ. ತೊಳೆಯುವಂಥ ಕೊಳೆ ಏನೂ ಇರಲಿಲ್ಲ. ಆಕೆಯ ಮೌನವನ್ನು ತನಗಾದ ಅನ್ಯಾಯವೆಂದು ಅವನು ಇಷ್ಟು ವರ್ಷ ಜೋಪಾನ ಮಾಡಿದ್ದ. ಅದು ಕರುಣೆಯೆಂದು ಯಾರಾದರೂ ಹೇಳಿದರೆ ಅದನ್ನು ಇಟ್ಟುಕೊಳ್ಳುವುದು ಎಲ್ಲಿ? ಆ ಹೊಲಿಗೆ ಮಿಷನ್ನಿನ ನೆನಪೇ ಅವನಿಗಿರಲಿಲ್ಲ. ಈಗ ಬಂತು. ಕಪ್ಪು ಬಣ್ಣ, ಮುರಿದ ಒಂದು ಪೆಡಲು. ಹೊಸದನ್ನು ಕಂಡು ಹೆಂಡತಿ "ಚೆನ್ನಾಗಿದೆ" ಅಂದಿದ್ದಳು. ಅದರ ಮುಂದೆ ಅವಳು ಕೂತದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಬುಧವಾರ ಬೆಳಿಗ್ಗೆ ನಾಲ್ಕೂ ಬೋಲ್ಟು ಬಿಚ್ಚಿದ. ಏಸಿಯನ್ನು ಇಳಿಸಿ, ಮಂಚದ ಮೇಲಿನ ಕಿಂಡಿಗೆ ಅದರ ಮುಚ್ಚಳವನ್ನೇ ಮರಳಿ ಹಾಕಿದ. ಒಲೆಯ ಮೇಲಿನ ಕೊಳೆತ ಪ್ಲೈವುಡ್ಡನ್ನು ಕತ್ತರಿಸಿ ತೆಗೆದು, ಅಡ್ಡಕ್ಕೆ ಎರಡು ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಹೊಸ ಹಲಗೆ ಕೂರಿಸಿ, ಏಸಿಯನ್ನು ಅಲ್ಲಿಗೇ ಬಿಗಿದ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ನೆಟ್ಟಗಾಗಲಿಲ್ಲ. ಭಾಮೈದ ಹಲಗೆ ಹಿಡಿದು ನಿಂತಿದ್ದ, ಸಂಜೆಗೆ ಅತ್ತೆಯೂ ಬಂದು ಮಂಚದ ಮೇಲೆ ಕೂತರು. ಕೊನೆಗೆ ಗಾಳಿ ಬಿಡುವ ರೆಕ್ಕೆಗಳನ್ನು ತಿರುಗಿಸಬೇಕಾದಾಗ ತಂಪಣ್ಣನ ಬೆರಳು ಅಭ್ಯಾಸಬಲದಿಂದ ಮಂಚದ ಕಡೆಗೇ ಹೋಯಿತು. ಬೆರಳು ಹಿಂದಕ್ಕೆ ತೆಗೆದುಕೊಂಡ.

"ಅತ್ತೆ, ಗಾಳಿ ಎತ್ತ ಬರಲಿ?"

ಅತ್ತೆ ಯೋಚಿಸಿದರು. ಯೋಚಿಸುತ್ತಲೇ ಇದ್ದರು. ಆ ಕಾಯುವಿಕೆ ಅವನಿಗೆ ರಾಟೆ ಎಳೆಯುವುದಕ್ಕಿಂತ ಕಷ್ಟವಾಯಿತು.

"ಕಾಲ ಕಡೆಗೆ," ಎಂದರು ಆಮೇಲೆ. "ಎದೆಗೆ ಬೇಡ."

"ಅವಳು ಹೇಗಿದ್ದಾಳೆ?" ರೆಕ್ಕೆ ತಿರುಗಿಸುತ್ತಾ ತಂಪಣ್ಣ ಆಕೆಯ ಮಗಳ ಬಗ್ಗೆ ಕೇಳಿದ.

"ಚೆನ್ನಾಗಿದ್ದಾಳೆ ಕಣೋ," ಎಂದರು ಅತ್ತೆ. ತಂಪಣ್ಣನಿಗೆ ಸಮಾಧಾನವಾಯಿತು. ಒಳಗೆ ಒಂದು ಕಡೆ ಚುರುಕ್ ಅಂದದ್ದೂ ನಿಜ.

ಗುರುವಾರ ಹೊರಡುವ ಹೊತ್ತಿಗೆ ಹೊಸ ಫಜೀತಿ ಎದುರಾಯಿತು. ಏಸಿ ಏರಿದ ಮೇಲೆ ಗಾಡಿ ಒಂದು ಗೇಣಿಗಿಂತ ಹೆಚ್ಚು ಎತ್ತರವಾಗಿತ್ತು. ಸೋಮವಾರ ಸಲೀಸಾಗಿ ಒಳಗೆ ಬಂದದ್ದು ಈಗ ಶೆಡ್ಡಿನ ಬಾಗಿಲ ತೊಲೆಯ ಕೆಳಗೆ ಎರಡು ಬೆರಳಿನಷ್ಟಕ್ಕೆ ಸಿಕ್ಕಿಕೊಂಡಿತು. ಮಾಡಿನ ಪ್ರತಿ ಅಂಗುಲ ಅಳೆದಿದ್ದ ತಂಪಣ್ಣ ತನ್ನ ಬಾಗಿಲನ್ನು ಅಳೆದಿರಲಿಲ್ಲ.

ಮೊದಲಾಗಿದ್ದರೆ ತಾನೇ ಸುತ್ತಿಗೆ ಹಿಡಿದು ತೊಲೆಗೆ ಹೊಡೆಯುತ್ತಿದ್ದನೋ ಏನೋ. ಇವತ್ತು ರಸ್ತೆಗೆ ಹೋಗಿ ಬೀಗದ ಅಂಗಡಿಯವನನ್ನು, ಎದುರಿನ ಟೈರಿನವರನ್ನು, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ನರ್ಸುಗಳನ್ನೂ ಕೇಳಿಕೊಂಡ. ನಾಲ್ಕೂ ಚಕ್ರದ ಗಾಳಿ ಇಳಿಸಿದರು. ಭಾರಕ್ಕೆ ಗಾಡಿ ಇನ್ನಷ್ಟು ತಗ್ಗಲೆಂದು ಏಳು ಜನ ಒಳಗೆ ಒತ್ತರಿಸಿ ಕೂತರು, ಅತ್ತೆ ಮಂಚದಿಂದ ಇಳಿಯಲು ಒಪ್ಪಲೇ ಇಲ್ಲ. ಭಾಮೈದ ಉಸಿರು ಬಿಗಿಹಿಡಿದು ಇಂಚಿಂಚಾಗಿ ಗಾಡಿ ಬಿಟ್ಟ.

"ಇಷ್ಟು ವರ್ಷದ ಅನುಭವ ಇಟ್ಕೊಂಡು ಬಾಗಿಲು ಅಳೀಲಿಲ್ವಾ ಮಾರಾಯ?" ಎಂದು ಒಳಗಿನಿಂದ ಬೀಗದ ಅಂಗಡಿಯವನು ಕೂಗಿದ.

"ಇಲ್ಲ," ಎಂದ ತಂಪಣ್ಣ.

ಅತ್ತೆ ಜೋರಾಗಿ ನಕ್ಕರು. ಆಮೇಲೆ ಕೆಮ್ಮಿದರು, ಮತ್ತೆ ನಕ್ಕರು. ಗಾಡಿ ತೊಲೆಗೆ ಕೂದಲೆಳೆಯಷ್ಟು ದೂರದಲ್ಲಿ ಬಿಸಿಲಿಗೆ ಬಂತು. ತಂಪಣ್ಣ ಹೊಸ ಎತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಸ್ಟಿಯರಿಂಗಿನ ಮುಂದೆ ಅಂಟಿಸಿದ. ಆಮೇಲೆ ಮೊದಲ ಚಕ್ರಕ್ಕೆ ಗಾಳಿ ತುಂಬಲು ಕುಕ್ಕರಗಾಲಲ್ಲಿ ಕೂತ.