ದೇವರಿಲ್ಲದವಳ ಸಾಕ್ಷಿ

"ಅಕ್ಕಾ, ನಿನಗಾದ್ರೆ ದೇವರ ಭಯ ಇಲ್ಲ. ನೀನೇ ಹೇಳಿಬಿಡು," ಎಂದ ನನ್ನ ತಮ್ಮ.

ಬೆಳಗಿನಿಂದ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ಕೊಟ್ಟ ಟೀ ಆರಿ ಕೆನೆಗಟ್ಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಕೈಮುಗಿಯುವುದಿಲ್ಲ ಎಂದು ಊರೆಲ್ಲ ಆಡಿಕೊಂಡು ತಿರುಗಿದವನು, ಈಗ ಅದನ್ನೇ ನನ್ನ ದೊಡ್ಡ ಅರ್ಹತೆ ಎನ್ನುವಂತೆ ಮಾತಾಡುತ್ತಿದ್ದ.

"ಅಂದ್ರೆ ಸುಳ್ಳು ಹೇಳೋಕೆ ನಿನ್ನ ದೇವರು ಬಿಡಲ್ಲ, ಅದಕ್ಕೆ ನನ್ನ ಬಾಡಿಗೆಗೆ ಹಿಡೀತಿದ್ದೀಯಾ?"

"ಪ್ರಮಾಣ ಮಾಡಿಸ್ತಾರೆ ಅಕ್ಕಾ. ಪ್ರಮಾಣ ಮಾಡಿ ಸುಳ್ಳು ಹೇಳೋದು ನನ್ನ ಕೈಲಾಗಲ್ಲ."

ನಗು ಬರಬೇಕಿತ್ತು. ಬರಲಿಲ್ಲ.

ನಾವಿಬ್ಬರೂ ಸೋಪಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇವೆ. ನಾನು ಎಲೆಕ್ಟ್ರಿಷಿಯನ್, ಅವನು ಮಿಕ್ಸರ್ ನಡೆಸುವವನು. ಸೋಪು ಕಲಸುವ ಆ ತೊಟ್ಟಿಯೊಳಗೆ ಆಗಾಗ ಒಬ್ಬ ಇಳಿದು, ಗೋಡೆಗೆ ಅಂಟಿದ್ದನ್ನು ಕೆರೆಯಬೇಕಾಗುತ್ತದೆ. ಇಳಿಯುವ ಮೊದಲು ಅವನು ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಹಾಕುತ್ತಾನೆ. ಅವನಾಗಿ ಬಂದು ತೆಗೆಯುವ ತನಕ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಬೀಗವಿಲ್ಲದಿದ್ದರೆ ಒಳಗೆ ಯಾರೂ ಇಲ್ಲವೆಂದೇ ಅರ್ಥ.

ತೊಟ್ಟಿ ಕೆರೆಯುವವನಿಗೆ ನಾವು ಮರೆಗುಳಿ ಎಂದೇ ಹೆಸರಿಟ್ಟಿದ್ದೆವು. ಕೆಲಸ ಮುಗಿಸಿ, ಬೀಗ ತೆಗೆಯುವುದನ್ನು ಮರೆತು ಮನೆಗೆ ಹೋಗುವುದು ಅವನಿಗೆ ಮಾಮೂಲು. ಆಗ ಫೋನ್ ಮಾಡಿ, ಅವನು ಮನೆಯಲ್ಲಿದ್ದಾನೆಂದು ಖಾತ್ರಿಯಾದ ಮೇಲೆ ಕಟರ್ ತಂದು ಬೀಗ ಕತ್ತರಿಸುತ್ತಿದ್ದೆವು. ಮರುದಿನ ಅವನು ಹಲ್ಲು ಕಿರಿಯುತ್ತಾ ಹೊಸ ಬೀಗ ಹಿಡಿದು ಬರುತ್ತಿದ್ದ.

ಹೋದ ವಾರ ಪಾಳಿ ಬದಲಾಗುವಾಗ ಸ್ವಿಚ್ಚಿನಲ್ಲಿ ಬೀಗ ನೇತಾಡುತ್ತಿತ್ತು. ಮಾಲು ತಡವಾಯಿತೆಂದು ಮೇಲ್ವಿಚಾರಕ ಕೂಗಾಡುತ್ತಿದ್ದ. ಮತ್ತೆ ಮರೆತು ಹೋಗಿದ್ದಾನೆ ಅಂದುಕೊಂಡ ನನ್ನ ತಮ್ಮ. ಫೋನ್ ಮಾಡಲಿಲ್ಲ, ತೊಟ್ಟಿಯೊಳಗೆ ಇಣುಕಲಿಲ್ಲ. ಬೀಗ ಕತ್ತರಿಸಿ ಸ್ವಿಚ್ ಹಾಕಿದ. ಅವತ್ತು ಮರೆಗುಳಿ ಏನನ್ನೂ ಮರೆತಿರಲಿಲ್ಲ, ಇನ್ನೂ ತೊಟ್ಟಿಯೊಳಗೇ ಇದ್ದ.

ಕತ್ತರಿಸಿದ ಬೀಗವನ್ನು ಮೋರಿಗೆ ಎಸೆದೆ ಎಂದು ತಮ್ಮನೇ ನನಗೆ ಹೇಳಿದ. ಬೀಗ ಹಾಕದೆ ಇಳಿದ, ಸತ್ತ ಎಂದು ಕಾರ್ಖಾನೆಯವರೆಲ್ಲ ನಂಬಿದರು. ಅಂಥ ಅಡ್ಡಹೆಸರಿನವನ ಬಗ್ಗೆ ನಂಬಲು ಕಷ್ಟವೇನು? ಆದರೆ ಆ ದಿನ ಸ್ವಿಚ್ ಕೋಣೆಗೆ ಹೋಗಿದ್ದ ನಾನು ಬೀಗವನ್ನು ಕಣ್ಣಾರೆ ಕಂಡಿದ್ದೆ. ಆ ಕೋಣೆ ಎಲೆಕ್ಟ್ರಿಷಿಯನ್ನಿನ ಹೊಣೆ, ಹಾಗಾಗಿ ವಿಚಾರಣೆಯವರು ಕೇಳುವುದು ನನ್ನನ್ನೇ. ಇರಲಿಲ್ಲ ಎಂದರೆ ತಮ್ಮ ಉಳಿಯುತ್ತಾನೆ. ಇತ್ತು ಎಂದರೆ ಅವನಿಗೆ ಜೈಲು.

ಅಮ್ಮ ಸತ್ತಾಗ ಅವನಿಗೆ ಶೂ ಲೇಸ್ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ತಲೆ ಬಾಚಿ, ಮೂಗು ಒರೆಸಿ ಬೆಳೆಸಿದವಳು ನಾನು. ಅವನ ಬದಲು ನಾನೇ ಜೈಲಿಗೆ ಹೋಗುವ ದಾರಿಯಿದ್ದರೆ ಹಿಂದೆಮುಂದೆ ನೋಡುತ್ತಿರಲಿಲ್ಲ.

ಬಚ್ಚಲಿನ ಬಾಗಿಲು ಹಾಕಿಕೊಂಡು ಕನ್ನಡಿಯೆದುರು ನಿಂತು ಹೇಳಿ ನೋಡಿದೆ: "ಬೀಗ ಇರಲಿಲ್ಲ." ನೀರು ಕುಡಿದಷ್ಟು ಸಲೀಸಾಗಿ ಬಂತು. ಸಿಡಿಲೇನೂ ಬಡಿಯಲಿಲ್ಲ. ತಮ್ಮ ಹೇಳಿದ್ದು ನಿಜ, ನನ್ನನ್ನು ತಡೆಯಲು ಮೇಲೆ ಯಾರೂ ಕೂತಿಲ್ಲ. ಆದರೆ ಕ್ಷಮಿಸಲೂ ಯಾರೂ ಇಲ್ಲವಲ್ಲ! ಅವನಾದರೆ ತಪ್ಪಾಯ್ತು ಎಂದು ಅಡ್ಡಬಿದ್ದು, ಅತ್ತು ಹಗುರಾಗಬಹುದು. ನಾನು ಯಾರ ಕಾಲು ಹಿಡಿಯಲಿ? ಕ್ಷಮಿಸಬೇಕಾದವನು ತೊಟ್ಟಿಯಲ್ಲಿ ಸತ್ತಿದ್ದ. ಸದ್ದು ಹೊರಗೆ ಕೇಳದಂತೆ ನಲ್ಲಿ ತಿರುಗಿಸಿ ಅತ್ತೆ. ದೇವರೊಬ್ಬ ಇರಬೇಕಿತ್ತು, ಇದನ್ನು ಅವನ ತಲೆಗೆ ಕಟ್ಟಿ ಮಲಗಬಹುದಿತ್ತು ಎಂದು ಮೊದಲ ಸಲ ಅನ್ನಿಸಿತು.

ಹೊರಗೆ ಬಂದು, "ಇರಲಿಲ್ಲ ಅಂತೀನಿ ಬಿಡು," ಎಂದೆ. ತಮ್ಮ ಗಳಗಳನೆ ಅತ್ತುಬಿಟ್ಟ.

ವಿಚಾರಣೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಹೊರಗಿನ ಬೆಂಚಿನಲ್ಲಿ ಮರೆಗುಳಿಯ ಹೆಂಡತಿ ಕೂತಿದ್ದಳು. ನನ್ನನ್ನು ಕಂಡು ಜಾಗ ಬಿಟ್ಟು ಸರಿದಳು. ಕೂರಬಾರದಿತ್ತು, ಕೂತೆ.

"ಮನೇಲೂ ಹಾಗೇ ಅಕ್ಕಾ," ಎಂದಳು. "ಒಲೆ ಮೇಲೆ ಹಾಲಿಟ್ಟು ಮರೀತಿದ್ರು. ನಾನು ನಕ್ಕು ಸುಮ್ನಾಗ್ತಿದ್ದೆ. ಆಗಲೇ ಜೋರು ಮಾಡಿ ತಿದ್ದಿದ್ರೆ ಅವತ್ತು ಬೀಗ ಹಾಕೋದು ಮರೀತಿರ್ಲಿಲ್ಲ. ನಾನೇ ಅವರನ್ನ ಕೊಂದುಬಿಟ್ಟೆ."

ಅವಳು ಅಳುತ್ತಿರಲಿಲ್ಲ. ಬಸ್ಸು ತಪ್ಪಿತು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದಳು. ಇವಳು ಸಾಯುವ ತನಕ ಇದನ್ನೇ ನಂಬಿಕೊಂಡು ಆ ಒಲೆಯ ಮುಂದೆ ನಿಲ್ಲುತ್ತಾಳೆ. ನಾನು ಹೇಳಲಿರುವ ಒಂದು ಮಾತು ಅದಕ್ಕೆ ಮೊಹರು ಒತ್ತುತ್ತದೆ.

ಒಳಗೆ ಕರೆದರು.

"ದೇವರ ಮೇಲೆ ಪ್ರಮಾಣ ಮಾಡಿ," ಎಂದರು ಅಧಿಕಾರಿ.

"ನಂಬಿಕೆ ಇಲ್ಲ ಸಾರ್."

"ಮತ್ತೆ ನಿಮ್ಮ ಮಾತನ್ನ ನಾನು ಹೇಗೆ ನಂಬೋದು?"

"ಅದು ನನಗೆ ಗೊತ್ತಿಲ್ಲ. ಬೀಗ ಇತ್ತು. ಅವರು ಮರೆತಿರಲಿಲ್ಲ. ಮೊದಲು ಹೊರಗೆ ಕೂತಿರೋ ಅವರ ಹೆಂಡತಿಗೆ ಅದನ್ನ ಹೇಳಿ."

"ಕತ್ತರಿಸಿದ್ದು ಯಾರು?"

ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಮ್ಮನ ಹೆಸರು ಹೇಳಿದೆ.

ತಮ್ಮ ಗೇಟಿನ ಬಳಿ ಕಾಯುತ್ತಿದ್ದ. ನನ್ನ ಮುಖ ನೋಡಿಯೇ ಅವನಿಗೆ ತಿಳಿದುಹೋಯಿತು.

"ಯಾರಿಗೆ ಹೆದರಿದೆ ಅಕ್ಕಾ?"

"ಯಾರಿಗೂ ಇಲ್ಲ ಕಣೋ."

"ಹಾಗಾದ್ರೆ ನನ್ನ ಉಳಿಸಬಹುದಿತ್ತಲ್ಲ."

"ಉಳಿಸಬಹುದಿತ್ತು," ಎಂದೆ.

ಅವನು ಗೋಡೆಗೊರಗಿ ನೆಲದ ಮೇಲೆ ಕುಸಿದ. ನಾನೂ ಅವನ ಪಕ್ಕದಲ್ಲಿ ಕೂತೆ. ಅವನು ಆಚೆ ಸರಿದು ಕೂತ.