ಅಬ್ಯೂಸ್ ಅಂದರೆ ಗಾಲಿ

ದೂರು ಕಚೇರಿಯ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟ ಗಾಜಿನ ಗುಂಡಿನೊಳಗೆ ಒಂದು ಗುಳ್ಳೆ, ಅಲ್ಲಾಡುವುದೇ ಇಲ್ಲ, ಅಬ್ಯೂಸ್ ಅಂದರೆ ಗಾಲಿ, ಅವಳು ಕದ್ದು ಓದುವ ಇಂಗ್ಲಿಷ್-ಉರ್ದು ಅರ್ಥಕೋಶದ ಪುಸ್ತಕದಲ್ಲಿ ಹಾಗೇ ಇದೆ, ಎಡದಿಂದ ಇಂಗ್ಲಿಷು ಬರುತ್ತದೆ, ಬಲದಿಂದ ಉರ್ದು ಬರುತ್ತದೆ, ನಡುವೆ ಎರಡಕ್ಕೂ ತಲೆಗೆ ತಲೆ ಡಿಕ್ಕಿ, ಗಾಲಿ ಎಂದರೆ ಬೈಗುಳ, ಕನ್ನಡದಲ್ಲಿ ಓದಿಕೊಂಡರೆ ಬಂಡಿಯ ಚಕ್ರ — ನಗು ಬಂತು ಅವಳಿಗೆ, ಇಂಥ ಹೊತ್ತಿನಲ್ಲಿ, ತುಟಿಗೆ ಹಾಕಿದ ಹೊಲಿಗೆ ಚುರ್ರೆಂದಿತು. ಹೆಂಗಸರ ದೂರು ಕೇಳುವ ಮೇಡಂ ಅವಳು ತುಂಬಿದ ಇಂಗ್ಲಿಷ್ ಅರ್ಜಿ ತಿರುವಿ ಹಾಕುತ್ತಿದ್ದಾರೆ, ಏನಮ್ಮಾ, ಗಂಡ ಅಬ್ಯೂಸ್ ಮಾಡ್ತಾನಾ ಅಂತ ಕೇಳಿದ ಕಡೆ ಇಲ್ಲ ಅಂತ ನೀನೇ ಬರೆದಿದ್ದೀಯಲ್ಲ, ಹೌದು, ಅವಳೇ ಬರೆದದ್ದು, ಯಾರನ್ನೂ ಕೇಳದೆ, ಜಂಬದಿಂದ, ನೋ ಎಂದು ಎರಡೇ ಅಕ್ಷರ ದುಂಡಗೆ, ಬೈದರೆ ಮೈಗೇನು ಅಂಟುತ್ತದೆಯೇ, ಬೈಗುಳಕ್ಕೆ ಯಾರಾದರೂ ಅರ್ಜಿ ಕೊಡುತ್ತಾರೆಯೇ, ಹೊಡೆಯುವುದಕ್ಕೆ ಪುಸ್ತಕದಲ್ಲಿ ಬೇರೆ ಶಬ್ದವಿದೆ, ಬೀಟ್, ಮಾರ್‌ನಾ, ಉದಾಹರಣೆ: ಅವನು ಡೋಲು ಬಡಿದನು, ಆ ಶಬ್ದವನ್ನು ಅರ್ಜಿಯ ತುದಿಯಿಂದ ಬುಡದವರೆಗೂ ಹುಡುಕಿದ್ದಳು, ಇರಲೇ ಇಲ್ಲ, ದರಿದ್ರ ಪುಸ್ತಕ, ಅದರೊಳಗೆ ಪೆಟ್ಟು ತಿನ್ನುವುದು ಡೋಲು ಮಾತ್ರ, ಹೆಂಡತಿಯಲ್ಲ.

ಬಾಗಿಲಲ್ಲಿ ಗಂಡ, ಟೈಲರ್ ಮಾಸ್ಟರ್, ಕೊರಳಲ್ಲಿ ಟೇಪು, ಬಾಯಲ್ಲಿ ಬೆಣ್ಣೆ, ತುಟಿನಾ, ಮೆಟ್ಟಿಲಿಂದ ಜಾರಿದ್ಲು ಮೇಡಂ, ಸಂಸಾರ ಅಂದ್ಮೇಲೆ ಮಾತು ಬರುತ್ತೆ ಹೋಗುತ್ತೆ, ಕರ್ಕೊಂಡು ಹೋಗ್ತೀನಿ, ಹೋದರೆ ಇವತ್ತೇ ಕೊಲ್ಲುತ್ತಾನೆ, ಅದು ಅವಳಿಗೆ ಚೆನ್ನಾಗಿ ಗೊತ್ತು, ಮೊನ್ನೆ ಹೊಲಿಗೆ ಮಿಷನ್ ಕೆಳಗೆ ಅವಳು ಬಚ್ಚಿಟ್ಟ ಪುಸ್ತಕ ಅವನ ಕೈಗೆ ಸಿಕ್ಕಾಗ, ಓಹೋ ಇಂಗ್ಲಿಷ್ ರಾಣಿ, ಹೇಳೇ ಇದರ ಅರ್ಥ, ತಪ್ಪು ಹೇಳಿದ್ದಕ್ಕೆ ಮರದ ಸ್ಕೇಲಿನ ಏಟು ಒಂದು, ಸರಿ ಹೇಳಿದ್ದಕ್ಕೆ ಎರಡು, ಮೂಗಿನ ರಕ್ತ ಗಿರಾಕಿಯ ಬಿಳಿ ಬಟ್ಟೆಯ ಮೇಲೆ ಹನಿದದ್ದಕ್ಕೆ ಹೊಟ್ಟೆಗೆ ಒದೆತ, ಆಮೇಲೆ ತೋರುಬೆರಳು ಹಿಡಿದೆಳೆದು, ಯಾವ ಬೆರಳಿಟ್ಟು ಓದ್ತೀಯೋ ಅದನ್ನೇ, ಮಿಷನ್ ತುಳಿದ, ಸೂಜಿ ಇಳಿಯಿತು — ಮೇಡಂ ಕನ್ನಡಕ ತೆಗೆದರು, ನೋಡಮ್ಮ, ಅಬ್ಯೂಸ್ ಅಂದ್ರೆ ಬರೀ ಬೈಯೋದಲ್ಲ, ಹೊಡೆತ ಬಡಿತ ಎಲ್ಲಾ ಸೇರುತ್ತೆ, ಅಯ್ಯೋ, ಎಲ್ಲವೂ ಅದೊಂದರಲ್ಲೇ ಇತ್ತೇ, ಹೊಡೀತಾನಾ, ಒಂದು ಉದಾಹರಣೆ ಹೇಳು, ಬರ್ಕೋತೀನಿ, ಪೆನ್ನು ಕಾಯುತ್ತಿದೆ, ಗಂಡನ ಚಪ್ಪಲಿ ಒಂದು ಹೆಜ್ಜೆ ಒಳಗೆ ಬಂತು, ಬಾಯಿ ತೆರೆದಳು, ಉರ್ದು, ಇಂಗ್ಲಿಷು, ಕನ್ನಡ, ಮೂರೂ ಕೈಕೊಟ್ಟವು, ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚತೊಡಗಿದಳು, ಒಂದು ಸುತ್ತು, ಇನ್ನೊಂದು, ಕೊನೆಯದು ಗಾಯಕ್ಕೆ ಅಂಟಿದೆ, ಎಳೆದಳು, ಸೂಜಿ ಇಳಿಯುತ್ತದೆ, ಏಳುತ್ತದೆ, ಇಳಿಯುತ್ತದೆ, ಉಗುರಿನ ನಡುವೆ ಕರಿಯ ತೂತು, ಬರ್ಕೊಳ್ಳಿ ಮೇಡಂ, ಸೂಜಿ, ಸೂಜಿ —