ಮಾವನ ಸ್ವಿಚ್ಚು, ಸೊಸೆಯ ಮಿಷನ್ನು

ಬೊಮ್ಮನಹಳ್ಳಿಯ ಆಂಜಿನಪ್ಪನವರ ಮನೆಯಲ್ಲಿ ಊಟ ಮುಗಿಯುತ್ತಿದ್ದಂತೆ ದೀಪ ಆರುತ್ತಿತ್ತು. ಆರಿಸುತ್ತಿದ್ದವರು ಯಜಮಾನರೇ. ಹಾಗೆಂದು ಅವರನ್ನು ಜಿಪುಣ ಎನ್ನಬೇಡಿ. ಆ ವರ್ಷ ಮಳೆ ಕೈಕೊಟ್ಟು ಅಣೆಕಟ್ಟೆಯಲ್ಲಿ ನೀರಿರಲಿಲ್ಲ. ಕರೆಂಟ್ ಸಾಲದೆ ಮಗ ಮುನಿಯಣ್ಣ ಕೆಲಸ ಮಾಡುತ್ತಿದ್ದ ಕಾರ್ಖಾನೆ ಆಗಾಗ ಬಾಗಿಲು ಹಾಕುತ್ತಿತ್ತು.

"ಕಾರ್ಖಾನೆಗೇ ಕರೆಂಟಿಲ್ಲ, ಮನೇಲಿ ಯಾಕ್ ಉರುಸ್ಬೇಕು?" ಎನ್ನುತ್ತಿದ್ದರು ಆಂಜಿನಪ್ಪ. ಮಾತೇನೋ ಸರಿಯೇ.

ಆದರೆ ಸೊಸೆ ಭಾಗ್ಯಮ್ಮ ಹೊಲಿಯಲು ಕೂರುತ್ತಿದ್ದುದೇ ಊಟದ ಪಾತ್ರೆ ತೊಳೆದ ಮೇಲೆ. ಹಗಲೆಲ್ಲ ಹೊಲ, ಹಸು, ಅಡುಗೆ. ಅಕ್ಕಪಕ್ಕದವರು ಕೊಟ್ಟ ರವಿಕೆ ಬಟ್ಟೆಗಳು ಹಾಗೇ ಬಿದ್ದಿದ್ದವು.

"ಬೆಳಕಿರೋವಾಗ ಒಲಿಯಾಕ್ ಆಗ್ದಿದ್ರೆ ಮಿಷನ್ನ ನಿಮ್ಮವ್ವನ ಮನೆಗೇ ಕಳಿಸ್ಬುಡು. ಸೋಮವಾರ ಗಾಡಿ ಆನೇಕಲ್ ಕಡೆ ಓಯ್ತದೆ" ಎಂದರು ಮಾವ. ಅವ್ವ ಆಸೆಪಟ್ಟು ಕೊಡಿಸಿದ ಮಿಷನ್ನು ಅದು. ಭಾಗ್ಯಮ್ಮ ಹೊಲಿಯದ ರವಿಕೆ ಬಟ್ಟೆಗಳನ್ನು ವಾಪಸ್ ಕೊಡಲೆಂದು ಮಡಿಸಿಟ್ಟಳು.

ರವಿಕೆ ಕೇಳಲು ಬಂದ ಪಕ್ಕದ ಮನೆಯ ಪಂಕಜಾ ಅವರಿಗೆ ವಿಷಯ ತಿಳಿಯಿತು. ಅವರ ಗಂಡ ಸರ್ಕಾರಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್.

"ಯಜಮಾನ್ರೇ, ಈ ನೂರು ವ್ಯಾಟ್ ಬಲ್ಬ್ ತೆಗೆದು ಟ್ಯೂಬ್‌ಲೈಟ್ ಹಾಕ್ಸಿ. ಬೆಳಕೂ ಜಾಸ್ತಿ, ಕರೆಂಟೂ ಉಳಿಯುತ್ತೆ" ಎಂದರು ಪಂಕಜಾ.

ಆಂಜಿನಪ್ಪ ನಕ್ಕರು. "ಅಷ್ಟುದ್ದ ಐತೆ, ಮದ್ವೆ ಮನೆ ಅಂಗೆ ಬೆಳಕು. ಅದು ಕಮ್ಮಿ ತಿಂತದೆ ಅಂದ್ರೆ ಎಂಗಮ್ಮ ನಂಬೋದು?"

"ನಂಬಬೇಡಿ. ನಮ್ಮನೆ ಮೀಟ್ರು ನೋಡ್ಬನ್ನಿ."

ಪಂಕಜಾ ತಮ್ಮ ಮನೆಯಲ್ಲಿ ಎಲ್ಲ ಆರಿಸಿ, ಅಡುಗೆಮನೆಯ ನೂರು ವ್ಯಾಟ್ ಬಲ್ಬೊಂದನ್ನೇ ಹಾಕಿದರು. ಮೀಟರಿನೊಳಗಿನ ಚಕ್ರ ಸರಸರ ತಿರುಗಿತು. ಅದನ್ನು ಆರಿಸಿ ನಡುಮನೆಯ ಟ್ಯೂಬ್‌ಲೈಟ್ ಹಾಕಿದರು. ಚಕ್ರ ನಿಧಾನವಾಯಿತು.

"ಮೀಟ್ರು ಕೆಟ್ಟೋಗಿರ್ಬೇಕು. ಇನ್ನೊಂದ್ ಸಲ ಆಕಮ್ಮ" ಎಂದರು ಆಂಜಿನಪ್ಪ. ಮತ್ತೆ ಅದೇ ಆಯಿತು.

"ಬಲ್ಬಿನ ಹತ್ರ ಕೈ ಹಿಡೀರಿ. ಮುಟ್ಬೇಡಿ, ಸುಡುತ್ತೆ. ಅದು ತಿನ್ನೋ ಕರೆಂಟಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬರೀ ಬಿಸಿಯಾಗಿ ಹೋಗುತ್ತೆ. ಟ್ಯೂಬು ನಲವತ್ತೇ ವ್ಯಾಟು. ಅದನ್ನ ಹೊತ್ತಿಸೋ ಚೋಕಿನದ್ದು ಸೇರಿದ್ರೂ ಬಲ್ಬಿನ ಅರ್ಧದಷ್ಟು."

ಆಂಜಿನಪ್ಪ ಬಲ್ಬಿನ ಹತ್ತಿರ ಕೈ ಹಿಡಿದು ನೋಡಿದರು. "ಕೋಳಿಮರಿಗೆ ಕಾವು ಕೊಡೋಕೆ ಇಂಥದ್ದೇ ಬಲ್ಬ್ ಆಕ್ತೀವಿ. ಅದನ್ನೇ ಮನೆ ನಡುವೆ ನೇತಾಕ್ಕೊಂಡು, ಉಳಿಸ್ತೀನಿ ಅಂತ ಮನೆಯೋರ್ನೆಲ್ಲ ಕತ್ಲಲ್ಲಿ ಕೂರಿಸ್ದೆ" ಎಂದರು.

"ಹಾಕ್ಸೋವಾಗ ಖರ್ಚು ಬಲ್ಬಿಗಿಂತ ಜಾಸ್ತಿನೇ" ಎಂದರು ಪಂಕಜಾ. "ಆದ್ರೆ ಬಾಳಿಕೆ ಬರುತ್ತೆ. ಯಾರೂ ಇಲ್ದಾಗ ಆರಿಸೋದು ಮಾತ್ರ ಮರೀಬೇಡಿ."

ಭಾನುವಾರ ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಟ್ಯೂಬ್‌ಲೈಟ್ ಬಂತು. ಸೋಮವಾರ ಗಾಡಿ ಮಿಷನ್ನಿಲ್ಲದೆ ಆನೇಕಲ್ಲಿಗೆ ಹೋಯಿತು. ಅಂದು ಊಟವಾದ ಮೇಲೆ ಆಂಜಿನಪ್ಪ ತಮ್ಮ ಹಾಸಿಗೆ ಸುತ್ತಿಕೊಂಡು ಜಗಲಿಗೆ ಹೊರಟರು.

"ಯಾಕೆ ಮಾವ?"

"ಬೆಳಕಿಗೆ ನಂಗೆ ನಿದ್ದೆ ಬರಾಕಿಲ್ಲ. ನಿನ್ ಕೆಲ್ಸ ಮುಗುದ್ಮೇಲೆ ನೀನೇ ಆರಿಸ್ಕೊ ತಾಯಿ."

ಅಕ್ಕಂದಿರೇ, ಅಣ್ಣಂದಿರೇ, ಕರೆಂಟ್ ಉಳಿಸಬೇಕೆಂದು ಕತ್ತಲಲ್ಲಿ ಕೂರಬೇಕಾಗಿಲ್ಲ. ನಿಮ್ಮ ಮೀಟರಿನ ಚಕ್ರವನ್ನು ನೀವೇ ನಿಂತು ನೋಡಿ. ಬೆಳಕು ಸಾಲದೆ ಕೆಲಸ ಅರ್ಧಕ್ಕೆ ಬಿಟ್ಟು ಏಳುವವರು ನಿಮ್ಮ ಮನೆಯಲ್ಲಿ ಯಾರೆಂದು ಗಮನಿಸಿ. ಮೊದಲ ಟ್ಯೂಬ್‌ಲೈಟನ್ನು ಅವರು ಕೂರುವ ಕಡೆ ಹಾಕಿಸಿ.